ಸೆಲ್ಫ್ ಹಿಡಿದು ಬಿಡುತ್ತಿದ್ದರೆ ತಪ್ಪು ಎಲ್ಲಿದೆ?

ಕೀ ತಿರುಗಿಸಿದರೆ ಸೆಲ್ಫ್ ಹಿಡಿಯುತ್ತದೆ, ಎಂಜಿನ್ ಅರ್ಧ ಸುತ್ತು ತಿರುಗುವಷ್ಟರಲ್ಲಿ ಬಿಟ್ಟುಬಿಡುತ್ತದೆ. ಇಲ್ಲವೇ ಟಕಟಕ ಎಂದು ಬಡಿದುಕೊಳ್ಳುತ್ತದೆ, ಎಂಜಿನ್ ಅಲುಗುವುದೇ ಇಲ್ಲ. ಹೀಗಾದಾಗ ಎಷ್ಟೋ ಕಡೆ ಮೊದಲು ಬಿಚ್ಚುವುದು ಸೆಲ್ಫ್ ಮೋಟಾರನ್ನೇ. ಹೊಸದು ಹಾಕಿ, ದುಡ್ಡು ಕೊಟ್ಟು, ಮಾರನೆಯ ದಿನ ಮತ್ತೆ ಅದೇ ಟಕಟಕ ಕೇಳಿದವರು ಕಡಿಮೆಯಿಲ್ಲ. ಕರೆಂಟ್ ಸಾಲದಿರುವುದು, ಸೊಲೆನಾಯ್ಡ್ (ಸೆಲ್ಫಿನ ಮೇಲೆ ಕೂತ ವಿದ್ಯುತ್ ಸ್ವಿಚ್) ಹಿಡಿದಿಟ್ಟುಕೊಳ್ಳದಿರುವುದು, ಬೆಂಡಿಕ್ಸ್ (ಎಂಜಿನ್ನಿಗೆ ಹಲ್ಲು ಕೂಡಿಸಿ ತಿರುಗಿಸುವ ಸೆಲ್ಫಿನ ಚಿಕ್ಕ ಗೇರ್) ಜಾರುವುದು: ಈ ಮೂರೂ ಮೇಲುನೋಟಕ್ಕೆ ಒಂದೇ ಥರ ಕಾಣುತ್ತವೆ. ಒಂದು ಮಲ್ಟಿಮೀಟರ್, ಒಂದು ಜಂಪರ್ ಕೇಬಲ್ ಇದ್ದರೆ ಬಿಚ್ಚುವ ಮೊದಲೇ ಬಹುಪಾಲು ಗೊತ್ತಾಗುತ್ತದೆ. ಇಲ್ಲಿ ಹೇಳಿರುವ ಅಳತೆಗಳು 12 ವೋಲ್ಟಿನ ಕಾರು, ಪಿಕಪ್, ಟ್ರ್ಯಾಕ್ಟರುಗಳಿಗೆ.

ಸೊಲೆನಾಯ್ಡಿನೊಳಗೆ ಏನಾಗುತ್ತದೆ ಎನ್ನುವುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಅದರಲ್ಲಿ ಎರಡು ಕಾಯಿಲ್ ಇವೆ. ಕೀಯಿಂದ ಬರುವ ತಂತಿ ಸೇರುವ ಚಿಕ್ಕ ಟರ್ಮಿನಲ್‌ಗೆ ಸಾಮಾನ್ಯವಾಗಿ 50 ಎಂಬ ಗುರುತು. ದಪ್ಪ ತಂತಿಯ ಎಳೆಯುವ ಕಾಯಿಲ್ ಅಲ್ಲಿಂದ ಹೊರಟು ಮೋಟಾರಿನ ಬೋಲ್ಟಿಗೆ ಹೋಗುತ್ತದೆ. ಸಣ್ಣ ತಂತಿಯ ಹಿಡಿದಿಡುವ ಕಾಯಿಲ್ ಅದೇ 50ರಿಂದ ಹೊರಟು ಸೆಲ್ಫಿನ ಬಾಡಿಗೆ ಅರ್ಥ್ ಆಗುತ್ತದೆ. ಕೀ ಕೊಟ್ಟಾಗ ಎರಡೂ ಸೇರಿ ಪ್ಲಂಜರನ್ನು, ಅಂದರೆ ನಡುವಿನ ಕಬ್ಬಿಣದ ಸರಳನ್ನು, ಎಳೆಯುತ್ತವೆ. ಅದಕ್ಕೆ ಸಿಕ್ಕಿಸಿದ ಫೋರ್ಕ್ ಬೆಂಡಿಕ್ಸನ್ನು ಎಂಜಿನ್ನಿನ ಫ್ಲೈವೀಲ್ ಸುತ್ತಲಿನ ಹಲ್ಲಿನ ರಿಂಗಿಗೆ ತಳ್ಳುತ್ತದೆ, ಕೊನೆಯಲ್ಲಿ ತಾಮ್ರದ ಕಾಂಟ್ಯಾಕ್ಟ್ ಕೂಡಿ ಮೋಟಾರಿಗೆ ಪೂರ್ತಿ ಕರೆಂಟ್ ಹರಿಯುತ್ತದೆ. ಆ ಕ್ಷಣಕ್ಕೆ ಎಳೆಯುವ ಕಾಯಿಲ್‌ನ ಎರಡೂ ತುದಿಗೆ ಬ್ಯಾಟರಿಯ ವೋಲ್ಟೇಜೇ ಬರುವುದರಿಂದ ಅದು ಸುಮ್ಮನಾಗುತ್ತದೆ. ಮುಂದೆ ಪ್ಲಂಜರ್ ನಿಂತಿರುವುದು ಸಣ್ಣ ಕಾಯಿಲ್ ಒಂದರ ಬಲದ ಮೇಲೆ. ಅದು ಸೋತರೆ ಸ್ಪ್ರಿಂಗ್ ಎಲ್ಲವನ್ನೂ ಹಿಂದಕ್ಕೆ ತಳ್ಳುತ್ತದೆ, ಕಾಂಟ್ಯಾಕ್ಟ್ ಬಿಡುತ್ತದೆ, ದಪ್ಪ ಕಾಯಿಲ್ ಮತ್ತೆ ಎಳೆಯುತ್ತದೆ. ಟಕಟಕ ಎನ್ನುವುದು ಈ ಜಗ್ಗಾಟದ ಸದ್ದು.

ಪರೀಕ್ಷೆಗೆ ಮುಂಚೆ ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ಸ್ಟಾರ್ಟ್ ಆಗಿಬಿಡದಂತೆ ಪೆಟ್ರೋಲ್ ಗಾಡಿಯಲ್ಲಿ ಫ್ಯುಯೆಲ್ ಪಂಪಿನ ಫ್ಯೂಸ್ ತೆಗೆದಿಡಿ. ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಸ್ಟಾಪ್ ಎಳೆದಿಟ್ಟುಕೊಂಡರೆ ಸಾಕು. ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡುವು ಕೊಡಿ. ಇನ್ನೊಂದು ಮಾತು: ಟ್ರ್ಯಾಕ್ಟರಿನ ಪಕ್ಕ, ಹಿಂದಿನ ಚಕ್ರದ ಎದುರು ನಿಂತು ಸ್ಕ್ರೂಡ್ರೈವರಿನಿಂದ ಸೊಲೆನಾಯ್ಡಿನ ಬೋಲ್ಟುಗಳನ್ನು ಶಾರ್ಟ್ ಮಾಡಿ ಸ್ಟಾರ್ಟ್ ಮಾಡುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಗೇರಿನಲ್ಲಿದ್ದರೆ ಅದು ಸೀದಾ ಮೈಮೇಲೆ ಹತ್ತುತ್ತದೆ. ಹಾಗೆ ಪ್ರಾಣ ಹೋದ ಉದಾಹರಣೆಗಳಿವೆ.

ಮೊದಲು ಕಿವಿಗೊಡಿ. ಟಕಟಕ ಬರುವಾಗ ಹೆಡ್‌ಲೈಟ್ ಪೂರಾ ಸತ್ತುಹೋಗುತ್ತಿದ್ದರೆ ಕರೆಂಟಿನ ಕೊರತೆ. ಲೈಟ್ ಮಿಣುಕಿದರೂ ಬೆಳಕು ಗಟ್ಟಿಯಾಗಿಯೇ ಇದ್ದರೆ ಹಿಡಿದಿಡುವ ಕಾಯಿಲ್ ಅಥವಾ ಕೀ ಕಡೆಯ ವೈರಿಂಗ್ ಮೇಲೆ ಅನುಮಾನ ಇಡಿ. ಟಕಟಕವೇ ಇಲ್ಲದೆ ಮೋಟಾರು ಗುಂಯ್ ಎಂದು ಜೋರಾಗಿ ತಿರುಗಿ ಎಂಜಿನ್ ಸುಮ್ಮನಿದ್ದರೆ ಬೆಂಡಿಕ್ಸ್ ಅಥವಾ ರಿಂಗಿನ ಹಲ್ಲು. ಗರ್ರ್ ಎಂದು ಕಬ್ಬಿಣ ತಿನ್ನುವ ಸದ್ದು ಬಂದರೆ ಮತ್ತೆ ಮತ್ತೆ ಹೊಡೆಯದೆ ಅಲ್ಲಿಗೇ ನಿಲ್ಲಿಸಿ.

ಕರೆಂಟಿನ ಲೆಕ್ಕ ಹೀಗೆ. ಗಾಡಿ ಕೆಲವು ಗಂಟೆ ನಿಂತ ಮೇಲೆ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಮೀಟರಿನ ಮೊನೆಯನ್ನು ಬ್ಯಾಟರಿಯ ಸೀಸದ ಕಂಬಕ್ಕೇ ಒತ್ತಿ ಹಿಡಿಯಿರಿ, ಕ್ಲ್ಯಾಂಪಿಗಲ್ಲ. ಕಂಬಕ್ಕೂ ಕ್ಲ್ಯಾಂಪಿಗೂ ನಡುವೆ ಇರುವ ಬಿಳಿ-ಹಸಿರು ಪುಡಿಯ ಪದರವೇ ಎಷ್ಟೋ ಸಲ ಕಳ್ಳ. ಕ್ಲ್ಯಾಂಪ್ ಬಿಚ್ಚಿ, ಬಿಸಿನೀರಲ್ಲಿ ಅಡುಗೆ ಸೋಡಾ ಕಲಸಿ ತೊಳೆದು, ಒಣಗಿಸಿ, ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ ಬಿಗಿ ಮಾಡಿ. ಸೋಡಾ ನೀರು ಬ್ಯಾಟರಿಯೊಳಗೆ ಹೋಗದಂತೆ ನೋಡಿಕೊಳ್ಳಿ.

ಬ್ಯಾಟರಿ ಸರಿಯಿದ್ದರೆ ಮುಂದಿನ ಸರದಿ ಅರ್ಥಿನದು. ಜಂಪರ್ ಕೇಬಲ್ಲಿನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ತುದಿ ಪೇಂಟ್ ಇಲ್ಲದ ಎಂಜಿನ್ ಬ್ಲಾಕಿಗೆ ಕಚ್ಚಿಸಿ ಕೀ ಕೊಡಿ. ಟಕಟಕ ನಿಂತು ಎಂಜಿನ್ ತಿರುಗಿದರೆ ಎಂಜಿನ್ನಿಂದ ಗಾಡಿಯ ಬಾಡಿಗೆ ಹೋಗುವ ಅರ್ಥ್ ಪಟ್ಟಿ ತುಕ್ಕು ಹಿಡಿದಿದೆ. ಸೆಲ್ಫ್ ಹೊಡೆದಾಗ ಕ್ಲಚ್ ಅಥವಾ ಆಕ್ಸಲರೇಟರ್ ಕೇಬಲ್ ಬಿಸಿಯಾಗುವುದೂ ಇದರದೇ ಗುರುತು: ಕರೆಂಟ್ ದಾರಿ ಸಿಗದೆ ಅದರೊಳಗೆ ಹರಿಯುತ್ತಿದೆ. ಎಂಜಿನ್ ತಿರುಗುತ್ತಿರುವಾಗ ನೆಗೆಟಿವ್ ಕಂಬಕ್ಕೂ ಸೆಲ್ಫ್ ಬಾಡಿಗೂ ನಡುವೆ 0.2 ವೋಲ್ಟ್, ಪಾಸಿಟಿವ್ ಕಂಬಕ್ಕೂ ಸೊಲೆನಾಯ್ಡಿನ ಬ್ಯಾಟರಿ ಬೋಲ್ಟಿಗೂ ನಡುವೆ 0.5 ವೋಲ್ಟ್ ಮೀರಬಾರದು. ಇವೆಲ್ಲ ಸರಿಯಿದ್ದೂ ಎಂಜಿನ್ ನಿಧಾನಕ್ಕೆ ತಿರುಗಿ ಬ್ಯಾಟರಿ 9ಕ್ಕೆ ಇಳಿದರೆ, ಸೆಲ್ಫಿನ ಬುಷ್ ಸವೆದು ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ಭಾಗ) ಉಜ್ಜುತ್ತಿರಬಹುದು.

ಈಗ 50ರ ತಂತಿ. ಇಗ್ನಿಷನ್ ಸ್ವಿಚ್, ಕ್ಲಚ್ ಅಥವಾ ನ್ಯೂಟ್ರಲ್ ಸ್ವಿಚ್, ರಿಲೇ, ಎಷ್ಟೋ ಕನೆಕ್ಟರುಗಳು, ಇಷ್ಟನ್ನೂ ದಾಟಿ ಕರೆಂಟ್ ಇಲ್ಲಿಗೆ ಬರಬೇಕು. ಆ ತಂತಿಯನ್ನು ಕಿತ್ತು ಪಕ್ಕಕ್ಕಿಡಿ. 4 ಚದರ ಮಿ.ಮೀ. ತಂತಿಯ ತುಂಡೊಂದರಿಂದ ಬ್ಯಾಟರಿಯ ಪಾಸಿಟಿವ್ ಅನ್ನು 50ಕ್ಕೆ ನೇರ ತಾಗಿಸಿ. ಸೆಲ್ಫ್ ಗಟ್ಟಿಯಾಗಿ ಹಿಡಿದು ತಿರುಗಿಸುತ್ತಲೇ ಇದ್ದರೆ ಸೆಲ್ಫಿಗೆ ಏನೂ ಆಗಿಲ್ಲ, ದೋಷ ಕೀಯಿಂದ ಈಚೆಗೆ ಬರುವ ದಾರಿಯಲ್ಲಿದೆ. ರಿಲೇಯನ್ನು ಅದೇ ನಂಬರಿನ ಹಾರ್ನ್ ರಿಲೇ ಜೊತೆ ಅದಲುಬದಲು ಮಾಡಿ ನೋಡಿ. ಕೀಯನ್ನು ಸ್ಟಾರ್ಟಿನಲ್ಲಿ ಹಿಡಿದು ಸ್ವಲ್ಪ ಅಲ್ಲಾಡಿಸಿದಾಗ ಬಿಟ್ಟು ಬಿಟ್ಟು ಹಿಡಿದರೆ ಸ್ವಿಚ್ಚಿನ ಕಾಂಟ್ಯಾಕ್ಟ್ ಸವೆದಿದೆ.

ನೇರ ಕರೆಂಟ್ ಕೊಟ್ಟರೂ ಬಿಡುತ್ತಿದ್ದರೆ ಮಾತ್ರ ಸೆಲ್ಫ್ ಇಳಿಸಿ. ನೆಗೆಟಿವ್ ಕ್ಲ್ಯಾಂಪ್ ಮೊದಲು ತೆಗೆಯಬೇಕು. ಸೆಲ್ಫನ್ನು ವೈಸಿನಲ್ಲಿ ಬಿಗಿದು, ಸೊಲೆನಾಯ್ಡಿನಿಂದ ಮೋಟಾರಿಗೆ ಹೋಗುವ ದಪ್ಪ ತಂತಿ ಬಿಚ್ಚಿ. ಬ್ಯಾಟರಿಯ ಪಾಸಿಟಿವ್ 50ಕ್ಕೆ, ನೆಗೆಟಿವ್ ಸೆಲ್ಫಿನ ಬಾಡಿಗೆ, ಜೊತೆಗೆ ಇನ್ನೊಂದು ನೆಗೆಟಿವ್ ಮೋಟಾರಿನ ಬೋಲ್ಟಿಗೆ. ಬೆಂಡಿಕ್ಸ್ ಟಕ್ಕೆಂದು ಮುಂದೆ ಬರಬೇಕು. ಹಾಗೇ ಇಟ್ಟುಕೊಂಡು ಬೋಲ್ಟಿನ ನೆಗೆಟಿವ್ ಮಾತ್ರ ತೆಗೆಯಿರಿ. ಬೆಂಡಿಕ್ಸ್ ಮುಂದೆಯೇ ನಿಂತರೆ ಹಿಡಿದಿಡುವ ಕಾಯಿಲ್ ಚೆನ್ನಾಗಿದೆ, ಹಿಂದಕ್ಕೆ ಓಡಿದರೆ ಕಾಯಿಲ್ ಕಡಿದಿದೆ ಅಥವಾ ಅದರ ಅರ್ಥ್ ಬಿಟ್ಟಿದೆ. ಎಲ್ಲವನ್ನೂ 5 ಸೆಕೆಂಡಿನೊಳಗೆ ಮುಗಿಸಿ, ಇಲ್ಲದಿದ್ದರೆ ಕಾಯಿಲ್ ಸುಡುತ್ತದೆ. ದೋಷ ಇಲ್ಲೇ ಸಿಕ್ಕರೆ ಸೊಲೆನಾಯ್ಡ್ ಒಂದನ್ನೇ ಬದಲಿಸಿ. ಪೂರ್ತಿ ಸೆಲ್ಫ್ ಬದಲಿಸಬೇಕಿಲ್ಲ.

ಬೆಂಡಿಕ್ಸಿನ ಹಲ್ಲನ್ನು ಕೈಯಲ್ಲಿ ತಿರುಗಿಸಿ: ಒಂದು ಕಡೆಗೆ ನುಣ್ಣಗೆ ತಿರುಗಬೇಕು, ಇನ್ನೊಂದು ಕಡೆಗೆ ತಕ್ಷಣ ಲಾಕ್ ಆಗಬೇಕು. ಎರಡೂ ಕಡೆ ತಿರುಗಿದರೆ ಒಳಗಿನ ರೋಲರ್ ಕ್ಲಚ್ ಹೋಗಿದೆ. ಕೈಗೆ ಲಾಕ್ ಆದದ್ದೇ ಸಾಕ್ಷಿಯೆಂದು ನಂಬಬೇಡಿ, ಎಂಜಿನ್ನಿನ ಭಾರ ಬಿದ್ದಾಗ ಜಾರುವ ಕ್ಲಚ್ ಕೈಗೆ ಸಿಗುವುದಿಲ್ಲ. ಗುಂಯ್ ಸದ್ದು ಇದ್ದು, ರಿಂಗಿನ ಹಲ್ಲು ಚೆನ್ನಾಗಿದ್ದರೆ ಬೆಂಡಿಕ್ಸ್ ಬದಲಿಸುವುದೇ ಸರಿ. ಅದನ್ನು ಪೆಟ್ರೋಲಿನಲ್ಲಿ ಅದ್ದಿ ತೊಳೆಯಬೇಡಿ. ಒಳಗೆ ತುಂಬಿದ ಗ್ರೀಸ್ ಕರಗಿಹೋಗಿ ಒಳ್ಳೆಯ ಕ್ಲಚ್ ಕೂಡ ಕೆಡುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಸಾಕು.

ಸೆಲ್ಫ್ ಇಳಿಸಿದ ತೂತಿನಿಂದ ಟಾರ್ಚ್ ಬಿಟ್ಟು ರಿಂಗ್ ನೋಡಿ, ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಒಂದು ಪೂರ್ತಿ ಸುತ್ತು ತಿರುಗಿಸುತ್ತಾ ಪರೀಕ್ಷಿಸಿ. ಎಂಜಿನ್ ಆಫ್ ಆದಾಗ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ, 4 ಸಿಲಿಂಡರ್ ಸಾಮಾನ್ಯವಾಗಿ ಎದುರುಬದುರಿನ 2 ಜಾಗದಲ್ಲಿ, 3 ಸಿಲಿಂಡರ್ 3 ಜಾಗದಲ್ಲಿ ನಿಲ್ಲುತ್ತದೆ. ಹಲ್ಲು ಸವೆಯುವುದೂ ಅಲ್ಲೇ. ಒಮ್ಮೆ ಹಿಡಿಯದ ಗಾಡಿ, ಟಾಪ್ ಗೇರಿನಲ್ಲಿಟ್ಟು ಒಂದಿಷ್ಟು ತಳ್ಳಿದ ಮೇಲೆ ಹಿಡಿದರೆ ಅದೇ ಕಾರಣ. ಸೆಲ್ಫಿನ ಬೋಲ್ಟ್ ಸಡಿಲವಿದ್ದು ಅಡ್ಡಕ್ಕೆ ಕೂತಿದ್ದರೂ ಹಲ್ಲು ಪೂರ್ತಿ ಕೂಡುವುದಿಲ್ಲ. ಆದ್ದರಿಂದ ವಾಪಸ್ ಕೂರಿಸುವಾಗ ಎಂಜಿನ್ನಿಗೆ ಕೂರುವ ಫ್ಲೇಂಜಿನ ಮುಖದ ಮೇಲಿನ ತುಕ್ಕು, ಪೇಂಟ್ ಕೆರೆದು, ತೆಗೆದ ಶಿಮ್ (ನಡುವೆ ಇಟ್ಟ ತೆಳು ತಗಡು) ಅಲ್ಲೇ ಹಾಕಿ. ಅರ್ಥ್ ಸಿಗುವುದೂ ಆ ಮುಖದಿಂದಲೇ.

ಸೊಲೆನಾಯ್ಡ್ ಸೆಲ್ಫಿನ ಮೈಮೇಲೆ ಕೂತಿರದ ಹಳೆಯ ಜೀಪಿನಂಥ ಗಾಡಿಗಳ ಕಥೆ ಬೇರೆ. ಅಲ್ಲಿ ಬೆಂಡಿಕ್ಸ್ ತಿರುಪಿನ ಮೇಲೆ ತಾನೇ ಓಡಿ ಹಲ್ಲಿಗೆ ಸೇರುತ್ತದೆ. ಎಂಜಿನ್ನಿನೊಳಗೆ ಇಂಧನ ಒಂದು ಸಲ ಹೊತ್ತಿದರೂ ಹೊರಗೆ ಬೀಳುವುದು ಅದರ ಗುಣ, ದೋಷವಲ್ಲ. ಹಾಗೆ ಬೀಳುತ್ತಲೇ ಇದ್ದರೆ ಡೀಸೆಲ್ ಅಥವಾ ಪೆಟ್ರೋಲ್ ಕಡೆ ನೋಡಿ. ಬೆಂಡಿಕ್ಸ್ ಮುಂದಕ್ಕೇ ಬಾರದಿದ್ದರೆ ತಿರುಪನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಗ್ರೀಸ್ ಹಚ್ಚಬೇಡಿ. ಕ್ಲಚ್ಚಿನ ಧೂಳು ಗ್ರೀಸಿಗೆ ಅಂಟಿ ಮತ್ತೆ ಕಚ್ಚಿಕೊಳ್ಳುತ್ತದೆ.