ಮಂಡ್ಯ–ಬೆಂಗಳೂರು ಓಡಾಟ ಹಗುರವಾದದ್ದು ಹೀಗೆ

ಕೆಲಸದ ಮೇಲೆ ಮಂಡ್ಯದಿಂದ ಬೆಂಗಳೂರಿಗೆ ಪದೇ ಪದೇ ಹೋಗಬೇಕು. ಬೆಳಗ್ಗೆ ಟಿಕೆಟ್ ಕ್ಯೂನಲ್ಲಿ ನಿಂತಿರುವಾಗಲೇ ಚಾಮುಂಡಿ ಎಕ್ಸ್‌ಪ್ರೆಸ್ ಬಂದುಬಿಡುತ್ತಿತ್ತು. ಅದೇ ದೊಡ್ಡ ತಲೆನೋವು.

ಸೀಸನ್ ಪಾಸ್ ಮಾಡಿಸಿದ ಮೇಲೆ ಆ ಗೋಳು ತಪ್ಪಿತು. 150 ಕಿ.ಮೀ. ದೂರದವರೆಗೆ ರೈಲ್ವೆ ಈ ಪಾಸ್ ಕೊಡುತ್ತದೆ. ಹಾಗಾಗಿ ಮೈಸೂರಿನವರಿಗೂ ಬೆಂಗಳೂರಿಗೆ ಸಿಗುತ್ತದೆ. ನಾನು ಮೂರು ತಿಂಗಳದ್ದನ್ನೇ ತೆಗೆದುಕೊಳ್ಳುತ್ತೇನೆ. ಅದಕ್ಕೆ ತಿಂಗಳ ಪಾಸಿನ 2.7 ಪಟ್ಟು ದುಡ್ಡು, ಸ್ವಲ್ಪ ಉಳಿತಾಯ ಆಯ್ತಲ್ವಾ? ಮುಗಿಯುವ 10 ದಿನ ಮೊದಲೇ ನವೀಕರಿಸಬಹುದು. ಆದರೆ ಈ ಪಾಸ್ ಇಟ್ಟುಕೊಂಡು ರಿಸರ್ವೇಶನ್ ಬೋಗಿಗೆ ಸುಮ್ನೆ ಹತ್ತಬೇಡಿ, ದಂಡ ಬೀಳುತ್ತದೆ. ಸೂಪರ್‌ಫಾಸ್ಟ್ ರೈಲಿಗೆ ಬೇರೆ ಚಾರ್ಜ್ ಕಟ್ಟಬೇಕು.

ಇನ್ನು ಬ್ಯಾಗು. ಚಾರ್ಜರ್, ಬ್ರಷ್ಷು, ಸಣ್ಣ ಟವೆಲ್, ಗ್ಯಾಸ್ಟ್ರಿಕ್ ಮಾತ್ರೆ, ಒಂದು ಜೊತೆ ಬಟ್ಟೆ ಈಗ ಅದರಲ್ಲೇ ಕಾಯಂ. ಮನೆಯ ಚಾರ್ಜರ್ ಬೇರೆ, ಬ್ಯಾಗಿನದ್ದು ಬೇರೆ. ಎರಡನೇ ಚಾರ್ಜರ್‌ಗೆ ಕೊಟ್ಟ ದುಡ್ಡು ನಿಜಕ್ಕೂ ಸಾರ್ಥಕ. ವಾಪಸ್ ಬಂದ ರಾತ್ರಿಯೇ ಕೊಳೆ ಬಟ್ಟೆ ತೆಗೆದು ಒಗೆದದ್ದು ಇಡುತ್ತೇನೆ. ಬೆಳಗ್ಗೆ ಹುಡುಕಾಟವೇ ಇಲ್ಲ.

ಬೆಂಗಳೂರು ಸಿಟಿ ಸ್ಟೇಷನ್ನಿನಲ್ಲಿ ಇಳಿದರೆ ಮೆಜೆಸ್ಟಿಕ್ ಮೆಟ್ರೊ ಪಕ್ಕದಲ್ಲೇ ಇದೆ. ಮೆಟ್ರೊ ಕಾರ್ಡನ್ನೂ ಪಾಸಿನ ಕವರಿನಲ್ಲೇ ಇಟ್ಟುಕೊಳ್ಳಿ.