ಛತ್ರಿ ಕೂರಿಸುವ ಮುಂಚೆ ಮೆನುವಿನ ಪದಗಳು ಗೊತ್ತಿರಲಿ

ಇಂಡಿ, ಸಿಂದಗಿ ಕಡೆ ಹಳ್ಳಿಗಳಲ್ಲಿ ನಾನು ಡಿಶ್ ಕೂರಿಸುತ್ತೇನೆ. ಜನ ಅದಕ್ಕೆ ಛತ್ರಿ ಅಂತಾರೆ. ಎಷ್ಟೋ ಮಂದಿ ಛತ್ರಿಯನ್ನು ತಾವೇ ಮಾಳಿಗೆ ಮೇಲೆ ಗಟ್ಟಿಯಾಗಿ ಕೂರಿಸಿರುತ್ತಾರೆ. ಆಮೇಲೆ ಟಿವಿ ಪಕ್ಕದ ಸೆಟ್‌ಟಾಪ್ ಬಾಕ್ಸಿನ ಮೆನು ಅರ್ಥವಾಗದೆ ನನಗೆ ಫೋನ್ ಮಾಡುತ್ತಾರೆ. ನಮ್ಮಲ್ಲಿ ಡಿಡಿ ಫ್ರೀ ಡಿಶ್ ಜಾಸ್ತಿ, ತಿಂಗಳ ದುಡ್ಡು ಕಟ್ಟೋ ಗೋಜಿಲ್ಲ. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೆನುವಿನಲ್ಲಿ ಮೊದಲು ಸ್ಯಾಟಲೈಟ್ ಆರಿಸಬೇಕು. ಫ್ರೀ ಡಿಶ್ ಬರುವುದು ಜಿಸ್ಯಾಟ್-15ರಿಂದ, 93.5 ಪೂರ್ವ. ಈ 93.5 ನೋಡಿ ಛತ್ರಿ ತಿರುಗಿಸಬೇಡಿ. ಅದು ಸಮಭಾಜಕ ರೇಖೆಯ ಮೇಲೆ ಉಪಗ್ರಹ ನಿಂತಿರುವ ರೇಖಾಂಶ. ವಿಜಯಪುರದಿಂದ ನೋಡಿದರೆ ಅದು ಆಗ್ನೇಯಕ್ಕಿದೆ, ಫೋನಿನ ದಿಕ್ಸೂಚಿಯಲ್ಲಿ ಸುಮಾರು 132. ವಾಸ್ತು ನೋಡಿ ಕಟ್ಟಿದ ಮನೆಯಾದರೆ ಅಡುಗೆಮನೆ ಮೂಲೆ ಕಡೆ ಮುಖ ಮಾಡಿ, ಸಾಕು. ತಗಡಿನ ಹತ್ತಿರ ನಿಂತು ಮಾತ್ರ ಫೋನ್ ನೋಡಬೇಡಿ, ಮುಳ್ಳು ಸುಳ್ಳು ಹೇಳುತ್ತೆ. ಎತ್ತರ, ಅಂದರೆ ನೆಲಮಟ್ಟದಿಂದ ಮೇಲಕ್ಕೆ ಉಪಗ್ರಹ ಇರುವ ಕೋನ, 60 ಡಿಗ್ರಿಗಿಂತ ತುಸು ಜಾಸ್ತಿ. ಎದುರಿಗೆ ಬೇವಿನ ಮರ ಇದ್ದರೆ ಜಾಗ ಬದಲಿಸಿ.

ಛತ್ರಿಯ ಮುಂದೆ, ಕೋಲಿನ ತುದಿಯಲ್ಲಿರೋದು ಎಲ್‌ಎನ್‌ಬಿ. ಮೇಲಿಂದ ಬರುವ ಫ್ರೀಕ್ವೆನ್ಸಿ ತುಂಬಾ ದೊಡ್ಡದು, ಅದನ್ನು ಕೇಬಲ್ ಹಾಗೇ ಹೊತ್ತು ತರಲಾರದು. ಎಲ್‌ಎನ್‌ಬಿ ಅದರಲ್ಲಿ 9750 ಮೆಗಾಹರ್ಟ್ಜ್ ಕಳೆದು ಕೆಳಗೆ ಕಳಿಸುತ್ತದೆ. 11090 ಇದ್ದದ್ದು 1340 ಆಗಿ ಇಳಿಯುತ್ತದೆ. ಮೆನುವಿನಲ್ಲಿ ಎಲ್‌ಎನ್‌ಬಿ ಟೈಪ್ ಅಂತ ಇರುವಲ್ಲಿ ಯೂನಿವರ್ಸಲ್, 9750/10600 ಇಡಿ. ಅಲ್ಲಿ 5150 ಇದ್ದರೆ ಅದು ದೊಡ್ಡ ಸಿ ಬ್ಯಾಂಡ್ ಛತ್ರಿಯ ಲೆಕ್ಕ, ನಿಮಗಲ್ಲ.

ಟಿಪಿ ಅಂದರೆ ಟ್ರಾನ್ಸ್‌ಪಾಂಡರ್, ಚಾನೆಲ್‌ಗಳ ಒಂದು ಗುಂಪನ್ನು ಕೆಳಗೆ ಕಳಿಸುವ ಉಪಗ್ರಹದ ಭಾಗ. 11090 ವಿ 29500 ಅಂತ ಒಂದು ಸಾಲು ಕಾಣುತ್ತೆ ನೋಡಿ. ಮೊದಲನೆಯದು ಫ್ರೀಕ್ವೆನ್ಸಿ, ಕೊನೆಯದು ಸಿಂಬಲ್ ರೇಟ್, ಅಂದರೆ ಮಾಹಿತಿ ಬರುವ ವೇಗ. ನಡುವಿನ ವಿ ಅಂದರೆ ವರ್ಟಿಕಲ್, ಅಲೆ ನೆಟ್ಟಗೆ ಆಡುತ್ತಾ ಬರುತ್ತದೆ ಅಂತ. ಇದಕ್ಕೆ ಬಾಕ್ಸು ಅದೇ ಕೇಬಲಿನಲ್ಲಿ 13 ವೋಲ್ಟ್ ಕಳಿಸುತ್ತದೆ, ಹೆಚ್, ಅಂದರೆ ಅಡ್ಡಲಾದ ಹಾರಿಜಾಂಟಲ್ ಇದ್ದರೆ 18. ಹಾಗಾಗಿ ಕನೆಕ್ಟರಿನಲ್ಲಿ ಒಂದು ಎಳೆ ತಂತಿ ಅಡ್ಡ ಬಂದು ಶಾರ್ಟ್ ಆದರೂ ಎಲ್ಲಾ ಬಂದ್.

ಈಗ ಮುಖ್ಯ ಮಾತು. ಪರದೆಯ ಕೆಳಗೆ ಎರಡು ಪಟ್ಟಿ ಇರುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಸ್ಟ್ರೆಂತ್ 80 ಬಂತು ಅಂತ ಮೇಲಿಂದ ಕೂಗಿ ನಟ್ ಬಿಗಿಯೋರು ಬಹಳ. ಛತ್ರಿ ಎತ್ತ ನೋಡುತ್ತಿದ್ದರೂ ಸ್ಟ್ರೆಂತ್ ಬರುತ್ತೆ. ಎಲ್‌ಎನ್‌ಬಿಗೆ ಕರೆಂಟು ಮುಟ್ಟಿದೆ, ಕೇಬಲ್ ಸರಿ ಇದೆ, ಅದರ ಅರ್ಥ ಅಷ್ಟೇ. ಚಿತ್ರ ಬರೋದು ಕ್ವಾಲಿಟಿ ಮೇಲೆ. ಅದು ಸೊನ್ನೆ ಇದ್ದರೆ ಛತ್ರಿಯನ್ನು ಬೆರಳಗಲ ಸರಿಸಿ, ಎರಡು ಕ್ಷಣ ನಿಲ್ಲಿ, ಮತ್ತೆ ಸರಿಸಿ. ಬಾಕ್ಸಿಗೆ ಸಿಗ್ನಲ್ ಹಿಡಿಯೋಕೆ ಅಷ್ಟು ಹೊತ್ತು ಬೇಕು. ಕ್ವಾಲಿಟಿ ಎದ್ದ ಮೇಲೆ ಎಲ್‌ಎನ್‌ಬಿಯನ್ನು ಅದರ ಕ್ಲಾಂಪಿನೊಳಗೇ ಮೆಲ್ಲಗೆ ತಿರುಗಿಸಿ. ಇದಕ್ಕೆ ಸ್ಕ್ಯೂ ಅಂತಾರೆ, ನಮ್ಮ ಜಿಲ್ಲೆಗೆ ಸುಮಾರು 45 ಡಿಗ್ರಿ. ಕ್ವಾಲಿಟಿ ಆದಷ್ಟು ಮೇಲೇರಿಸಿಯೇ ನಟ್ ಬಿಗಿಯಿರಿ, ಇಲ್ಲವಾದರೆ ಮಳೆಮೋಡ ಕವಿದ ಕೂಡಲೇ ಚಿತ್ರ ಹೋಗುತ್ತೆ.

ಮೆನುವಿನ ಡೈಸೆಕ್, ಅಂದರೆ ಎಲ್‌ಎನ್‌ಬಿ ಬದಲಿಸುವ ಸ್ವಿಚ್, ಬೇಕಾಗೋದು ಒಂದೇ ಬಾಕ್ಸಿಗೆ ಎರಡು ಮೂರು ಎಲ್‌ಎನ್‌ಬಿ ಜೋಡಿಸಿದರೆ. ನಿಮ್ಮದು ಒಂದೇ ಅಲ್ವಾ? ಆಫ್ ಇಡಿ. 22ಕೆ, ಅಂದರೆ 9750 ಬಿಟ್ಟು 10600 ಕಳೆ ಅಂತ ಎಲ್‌ಎನ್‌ಬಿಗೆ ಬಾಕ್ಸು ಕೊಡುವ ಸೂಚನೆ, ಆಟೋ ಇರಲಿ. ಆಮೇಲೆ ಸ್ಕ್ಯಾನ್ ಕೊಟ್ಟು, ಚಾನೆಲ್‌ಗಳು ಸೇವ್ ಆಗೋ ತನಕ ಬಾಕ್ಸ್ ಬಂದ್ ಮಾಡಬೇಡಿ.