ಪ್ರಶ್ನಾವಳಿ ಬಿಟ್ಟೆ, ಬೀಡಿ ಪುಸ್ತಕ ಹಿಡಿದೆ

"ಬೀಡಿ ಪುಸ್ತಕ ನೋಡಿಕೊಂಡು ಯಾರಾದರೂ ಪಿಎಚ್‌ಡಿ ಮಾಡ್ತಾರಾ?" ಎಂದು ನಕ್ಕವರೇ ಈಗ ಫೋನ್ ಮಾಡಿ, ನಿಮ್ಮ ಎಕ್ಸೆಲ್ ಶೀಟ್ ಕಳಿಸಿ ಅಂತಾರೆ. ಬೀಡಿ ಪುಸ್ತಕ ಅಂದರೆ ಬೀಡಿ ಕಟ್ಟುವವರ ಮನೆಯಲ್ಲಿರುವ ಲೆಕ್ಕದ ಪುಸ್ತಕ: ಎಷ್ಟು ಎಲೆ, ತಂಬಾಕು ಕೊಟ್ಟರು, ಎಷ್ಟು ಬೀಡಿ ಬಂತು ಎಂದು ಬರೆಯುವುದು. ಪಿಎಚ್‌ಡಿಯ ಕೊನೆಯ ಮೌಖಿಕ ಪರೀಕ್ಷೆ, ವೈವಾ, ಮುಗಿದು ಎಂಟು ತಿಂಗಳಾಯಿತು. ಒಮ್ಮೆ ಬರೆದಿಟ್ಟರೆ ಎಲ್ಲರಿಗೂ ಬೇರೆ ಬೇರೆ ಹೇಳುವುದು ತಪ್ಪುತ್ತದೆ, ಅಲ್ವಾ?

ನನ್ನದು ಸಮಾಜಶಾಸ್ತ್ರ. ದಕ್ಷಿಣ ಕನ್ನಡದ ಬೀಡಿ ಕಟ್ಟುವ ಹೆಂಗಸರ ದುಡಿಮೆ ವಿಷಯ. ಕೋರ್ಸ್‌ವರ್ಕ್ ಮುಗಿದ ಮೇಲೆ ಎಲ್ಲರ ಹಾಗೆ ನಾನೂ ಪ್ರಶ್ನಾವಳಿ ಮಾಡಿದೆ. 60 ಚಿಲ್ಲರೆ ಪ್ರಶ್ನೆ. ಮೂವರು ಎಂ.ಎ. ಹುಡುಗರಿಗೆ ಫಾರಂಗೆ 50 ರೂಪಾಯಿ ಕೊಟ್ಟು ಬಂಟ್ವಾಳ, ಪುತ್ತೂರು ಕಡೆ 240 ಫಾರಂ ತುಂಬಿಸಿದೆ. ಪ್ರಿಂಟು, ಬಸ್ಸು, ಊಟ ಸೇರಿ 18,000 ಹೋಯಿತು. ಆಗ ನಾನು ಅತಿಥಿ ಉಪನ್ಯಾಸಕಿ. ಸಂಬಳ ಬಂದಾಗ ಬಂತು. ಬೆಂಡೋಲೆ ಅಡವಿಟ್ಟೇ ಆ ದುಡ್ಡು ಹೊಂದಿಸಿದ್ದು.

ಸಿಕ್ಕಿದ್ದೇನು? ದಿನಕ್ಕೆ ಎಷ್ಟು ಬೀಡಿ ಕಟ್ಟುತ್ತೀರಿ ಅಂದರೆ ಮುಕ್ಕಾಲು ಪಾಲು ಫಾರಂನಲ್ಲಿ "500". ಮಕ್ಕಳು ಕೈಹಚ್ಚುತ್ತಾರಾ ಅಂದರೆ ಎಲ್ಲದರಲ್ಲೂ "ಇಲ್ಲ". ಹುಡುಗರು ಮರದ ಕೆಳಗೆ ಕೂತು ತುಂಬಿಸಿದ್ದೆಷ್ಟೋ, ಹೆಂಗಸರು ಸುಮ್ನೆ ಹೇಳಿದ್ದೆಷ್ಟೋ. ಆ ಕಟ್ಟು ಇವತ್ತಿಗೂ ಅಟ್ಟದ ಮೇಲಿದೆ.

ದಾರಿ ತೋರಿಸಿದ್ದು ವಿಟ್ಲದ ಕಡೆಯ ಒಬ್ಬ ಹೆಂಗಸು. ತೊಡೆಯ ಮೇಲೆ ತಡ್ಪೆ (ಮೊರ), ಬೆರಳು ನಿಲ್ಲುತ್ತಿರಲಿಲ್ಲ. ನನ್ನ ಹತ್ತನೇ ಪ್ರಶ್ನೆಗೆ ಬೇಸತ್ತು, ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಚೀಲದಿಂದ ಪುಸ್ತಕ ತೆಗೆದು ನನ್ನ ಮುಂದೆ ಹಾಕಿದರು. "ನನ್ನನ್ನು ಯಾಕೆ ಕೇಳುವುದು? ಇದರಲ್ಲಿ ಉಂಟಲ್ಲ!"

ಎಲ್ಲ ಇತ್ತು. ತಾರೀಕು, ಕೊಟ್ಟ ಎಲೆ, ತಂಬಾಕಿನ ತೂಕ, ಬ್ರಾಂಚಿಗೆ, ಅಂದರೆ ಕಟ್ಟಿದ ಬೀಡಿ ತೆಗೆದುಕೊಳ್ಳುವ ಜಾಗಕ್ಕೆ, ಹಾಕಿದ ಬೀಡಿ, ರಿಜೆಕ್ಟ್ ಆದದ್ದು. ಸಾವಿರ ಬೀಡಿಗೆ ಆಗ 200 ಚಿಲ್ಲರೆ ಮಜೂರಿ, ಅದೂ ಇತ್ತು.

ಈ ಪುಸ್ತಕಗಳ ಮೇಲೇ ಪ್ರಬಂಧ ಮಾಡುತ್ತೇನೆ ಎಂದು ಪಿಎಚ್‌ಡಿ ಕಮಿಟಿಯಲ್ಲಿ ಹೇಳಿದಾಗ "ಇದು ಅಕೌಂಟೆಂಟ್ ಕೆಲಸ" ಅಂದರು. ಸ್ಯಾಂಪಲ್ ಎಷ್ಟು ಎಂದು ಕೇಳಿದರು. 31 ಮನೆ ಅಂದೆ. ನಗು. ಗೈಡ್ ಮಾತ್ರ ಆರು ತಿಂಗಳು ಟೈಮ್ ಕೊಟ್ಟರು.

ಪುಸ್ತಕದಲ್ಲಿನ ಹೆಸರಿನ ಮೇಲೆ ಚೀಟಿ ಇಟ್ಟು ಪುಟಗಳನ್ನು ಮೊಬೈಲಲ್ಲಿ ಫೋಟೊ ಹೊಡೆದೆ, ರಾತ್ರಿ ಕೂತು ಟೈಪ್ ಮಾಡಿದೆ. ಸುಮಾರು 19,000 ಸಾಲು. ಒಂದು ಪುಸ್ತಕದಲ್ಲಿ ದಿನಕ್ಕೆ 600 ಇದ್ದದ್ದು ಏಪ್ರಿಲ್ ಹತ್ತರ ನಂತರ 1,100ಕ್ಕೆ ಏರಿತ್ತು. ಜೂನ್ ಮೊದಲ ವಾರ ಮತ್ತೆ 600. ನಾನೇ ತಪ್ಪು ಟೈಪ್ ಮಾಡಿದೆನೇನೋ ಎಂದು ಫೋಟೊ ಮತ್ತೆ ನೋಡಿದೆ. ಉಳಿದ ಪುಸ್ತಕ ತೆಗೆದರೆ ಇಪ್ಪತ್ತಕ್ಕೂ ಜಾಸ್ತಿ ಮನೆಯಲ್ಲಿ ಇದೇ ಕಥೆ. ಬೇಸಿಗೆ ರಜೆ! ಪುಸ್ತಕ ಅತ್ತೆಯ ಹೆಸರಲ್ಲಿ, ಕಟ್ಟುವುದು ಸೊಸೆ, ರಜೆ ಬಂದರೆ ಮೊಮ್ಮಗಳೂ. ಎಸ್ಸೆಸ್ಸೆಲ್ಸಿ ಹುಡುಗಿ ಇದ್ದ ಮನೆಯಲ್ಲಿ ಮಾರ್ಚ್ ಪೂರ್ತಿ ಕುಸಿತ. 240 ಫಾರಂ ಮುಚ್ಚಿಟ್ಟದ್ದನ್ನು 31 ಪುಸ್ತಕ ಬಾಯಿಬಿಟ್ಟಿತು.

ಪೆಟ್ಟಿಗೆಯ ತಳದಲ್ಲಿರುವ ಹಳೇ ಪುಸ್ತಕಗಳನ್ನು ಹೊರಗೆ ತೆಗೆಸುವುದು ಹೇಗೆ ಅಂತ ತುಂಬ ಜನ ಕೇಳುತ್ತಾರೆ. ಅದನ್ನು ಮಾತ್ರ ಹೇಳಲಾರೆ. ಇನ್ನೊಂದು ಪೇಪರ್ ಬಾಕಿ ಇದೆ.

ನಡುವೆ ನಾನೂ ಬೀಡಿ ಕಟ್ಟಲು ಕೂತೆ. ಇಡೀ ದಿನಕ್ಕೆ 70. ಬ್ರಾಂಚಿನವರು ಒಂದನ್ನೂ ತೆಗೆದುಕೊಳ್ಳಲಿಲ್ಲ. ವಾಟ್ಸಾಪಲ್ಲಿ ದಿನಕ್ಕೊಂದು ವಾಯ್ಸ್ ಮೆಸೇಜ್ ಕಳಿಸಿ ಎಂದೂ ಕೇಳಿ ನೋಡಿದೆ. ಬಂದದ್ದು ಜಾಸ್ತಿ ಗುಡ್ ಮಾರ್ನಿಂಗ್.

ದುಡ್ಡಿನ ವಿಷಯ. ಉಪನ್ಯಾಸಕರ ಅರ್ಹತಾ ಪರೀಕ್ಷೆ ನೆಟ್ ಆಯಿತು, ಅದೇ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದವರಿಗೆ ಸಿಗುವ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್ ಎರಡು ಸಲ ಕೂದಲೆಳೆಯಲ್ಲಿ ತಪ್ಪಿತು. ಸಿಕ್ಕವರಿಗೆ 2023ರಿಂದ ತಿಂಗಳಿಗೆ 37,000. ಹೊಟ್ಟೆ ಉರಿಯದೆ ಇರುತ್ತದಾ? ಐಸಿಎಸ್‌ಎಸ್‌ಆರ್ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ಡಾಕ್ಟರಲ್ ಫೆಲೋಶಿಪ್‌ಗೆ ಮೊದಲ ಸಲ ಪ್ರಶ್ನಾವಳಿ ನಂಬಿಕೊಂಡು ಅರ್ಜಿ ಹಾಕಿದ್ದೆ, ಆಗಲಿಲ್ಲ. ಎರಡನೇ ಸಲ ಶುರುವಿನಲ್ಲೇ ಒಂದು ಪುಸ್ತಕದ ಮೂರು ತಿಂಗಳ ಲೆಕ್ಕ ಇಟ್ಟೆ. ಸಿಕ್ಕಿತು. ತಿಂಗಳಿಗೆ 20,000, ವರ್ಷಕ್ಕೆ ಕಂಟಿಂಜೆನ್ಸಿ, ಅಂದರೆ ಸಂಶೋಧನೆಯ ಇತರೆ ಖರ್ಚಿಗೆ, 20,000. ಮೊದಲು ಬೆಂಡೋಲೆ ಬಿಡಿಸಿದೆ.

ಪ್ರಬಂಧ ಬರೆದದ್ದು ಕನ್ನಡದಲ್ಲಿ, ನುಡಿ ತಂತ್ರಾಂಶದ ಯೂನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ. ಕೃತಿಚೌರ್ಯ ತಪಾಸಣೆಗೆ ಹಾಕಿದರೆ ಸೊನ್ನೆ ಪರ್ಸೆಂಟ್! ಒಂದು ದಿನ ಖುಷಿಯಲ್ಲಿದ್ದೆ. ಸಾಫ್ಟ್‌ವೇರ್‌ಗೆ ಒಂದಕ್ಷರವೂ ಓದಲು ಬಂದಿರಲಿಲ್ಲ, ಅಷ್ಟೇ. ಎಲ್ಲ ಕಂಪ್ಯೂಟರ್ ಓದುವ ಯೂನಿಕೋಡ್‌ಗೆ ತಿರುಗಿಸಿದಾಗ ಅರ್ಕಾವತ್ತುಗಳೆಲ್ಲ ಎದ್ದು ಹೋದವು. 280 ಪುಟ, ಮೂರು ವಾರ ಕೂತು ತಿದ್ದಿದೆ. ಕೊನೆಗೆ ಬಂದದ್ದು 7 ಪರ್ಸೆಂಟ್. 2018ರ ಯುಜಿಸಿ ನಿಯಮದಲ್ಲಿ 10ರ ತನಕ ತೊಂದರೆ ಇಲ್ಲ. ಮೊದಲ ದಿನದಿಂದಲೇ ಯೂನಿಕೋಡಲ್ಲಿ ಬರೆಯಿರಿ ಮಾರಾಯ್ರೆ.

ಈಗ ಒಬ್ಬ ಜೂನಿಯರ್ ಇದನ್ನೇ ಗೋಡಂಬಿ ಕಾರ್ಖಾನೆಯಲ್ಲಿ ಮಾಡುತ್ತೇನೆ ಅಂತಿದ್ದಾಳೆ. ಅಲ್ಲಿ ಹಾಜರಿ ಪುಸ್ತಕ ಮಾಲೀಕರ ಕಪಾಟಿನಲ್ಲಿರುತ್ತದೆ, ಗೋಡೆಯ ಮೊಳೆಯಲ್ಲಲ್ಲ. ಮೊದಲು ಒಂದು ಪುಸ್ತಕ ಕೈಗೆ ಬರಲಿ, ಆಮೇಲೆ ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಬರಿ ಎಂದಿದ್ದೇನೆ.